ನಾಕ್ಸೋಸ್‌ನಿಂದ ಪಾರೋಸ್‌ಗೆ: ಅಮ್ಮನ ಜೊತೆ ಹಡಗು ಹತ್ತಿದ್ದು ಹೀಗೆ

ಗ್ರೀಸ್‌ಗೆ ಹೊರಟಿದ್ದೇವೆ ಅಂದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ವಾಪಸ್ ಬರುವ ವಿಮಾನ ಯಾವತ್ತು? ಅದರ ಹಿಂದಿನ ರಾತ್ರಿ ದ್ವೀಪದಲ್ಲಿ ಇರಬೇಡಿ. ಅಥೆನ್ಸ್ ಸೇರಿಕೊಂಡುಬಿಡಿ.

ಕಾರಣ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ನಾವು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು, ನಮಗೆ ಗಾಳಿ ಅಂದರೆ ಹಿಂದೆಯೇ ಮಳೆ. ಅಲ್ಲಿ ಹಾಗಲ್ಲ. ಒಂದು ಮೋಡ ಇರುವುದಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ, ಆದರೂ ಹಡಗು ಬಿಡುವುದಿಲ್ಲ. ಗಾಳಿ 8 ಬೋಫರ್ಟ್ (ಗಾಳಿಯ ಬಲ ಅಳೆಯುವ ಮಾಪನ) ಮುಟ್ಟಿತು ಅಂದರೆ ಸಾಮಾನ್ಯವಾಗಿ ದೊಡ್ಡ ಹಡಗುಗಳನ್ನೂ ತಡೆಯುತ್ತಾರೆ. ವೇಗದ ಹಡಗುಗಳು ಅದಕ್ಕೂ ಮೊದಲೇ ನಿಂತಿರುತ್ತವೆ. ಈ ತಡೆಗೆ ಅಲ್ಲಿಯವರು ‘ಅಪಗೊರೆಫ್ತಿಕೊ’ ಅನ್ನುತ್ತಾರೆ. ಈ ಪದ ಕಿವಿಗೆ ಬಿದ್ದರೆ ಬಂದರಿಗೆ ಓಡಬೇಡಿ, ಮೊದಲು ರೂಮಿನವರಿಗೆ ಇನ್ನೊಂದು ರಾತ್ರಿ ಇರುತ್ತೇವೆ ಅಂತ ಹೇಳಿ.

ನಾಕ್ಸೋಸ್ ದ್ವೀಪದಿಂದ ಪಕ್ಕದ ಪಾರೋಸ್ ದ್ವೀಪಕ್ಕೆ ಹೊರಟಾಗ ನಮಗೆ ಹೀಗೇ ಆಯಿತು. ಒಂದೂವರೆ ದಿನ ಕಾದೆವು. ಅಮ್ಮ ಬಂದರಿನ ಹೋಟೆಲೊಂದರ ಮುಂದೆ ಕೂತು ಚೀಸ್ ತುಂಬಿದ ತಿರೋಪಿತಾ ತಿನ್ನುತ್ತಾ ಅಲೆ ನೋಡಿದರು. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇದ್ದದ್ದರಿಂದ ನಿಶ್ಚಿಂತೆ. ಪಕ್ಕದ ಮೇಜಿನ ಜೋಡಿಯ ವಿಮಾನ ಮರುದಿನ ಬೆಳಗ್ಗೆ ಇತ್ತು. ಅವರ ಮುಖ ನನಗೆ ಇನ್ನೂ ನೆನಪಿದೆ. ಹಡಗು ರದ್ದಾದರೆ, ಅಥವಾ 90 ನಿಮಿಷಕ್ಕಿಂತ ಜಾಸ್ತಿ ತಡವಾಗುತ್ತದೆ ಅಂತಾದರೆ, ಯುರೋಪಿನ ನಿಯಮದ ಪ್ರಕಾರ ದುಡ್ಡು ವಾಪಸ್ ಕೇಳಬಹುದು, ಇಲ್ಲವೇ ಬೇರೆ ಹಡಗಿನಲ್ಲಿ ಹೋಗಬಹುದು. ಆದರೆ ಗಾಳಿಯಿಂದ ರದ್ದಾದರೆ ರೂಮಿನ ಖರ್ಚು ಕೊಡಬೇಕು ಅಂತ ನಿಯಮ ಇಲ್ಲ. ಅದಕ್ಕೆ ಒಂದಿಷ್ಟು ಹಣ ಬೇರೆ ಇಟ್ಟಿರಿ.

ಟಿಕೆಟ್ ಮಾಡಿಸುವಾಗ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದೆ, ಅಲ್ವಾ? ಟಿಕೆಟ್ ಮೇಲೆ ಹೆಸರು ಇರುವುದರಿಂದ ಪಾಸ್‌ಪೋರ್ಟ್ ತೋರಿಸಿ ಅಂತ ಕೇಳಬಹುದು. ಗ್ರೀಕ್ ದ್ವೀಪಗಳ ನಡುವೆ ವೀಸಾದ ತೊಂದರೆ ಇಲ್ಲ. ಆದರೆ ಕೋಸ್‌ನಂಥ ದ್ವೀಪದಿಂದ ಎದುರಿಗೇ ಕಾಣುವ ಟರ್ಕಿಗೆ ಸುಮ್ನೆ ಒಂದು ದಿನ ಹೋಗಿಬರೋಣ ಅಂದುಕೊಳ್ಳಬೇಡಿ. ಟರ್ಕಿಯ ವೀಸಾ ಬೇರೆ ಬೇಕು. ಗ್ರೀಸ್‌ಗೆ ಬರಲು ಪಡೆದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ) ಒಂದೇ ಪ್ರವೇಶದ್ದಾಗಿದ್ದರೆ ವಾಪಸ್ ಗ್ರೀಸ್‌ಗೆ ಬರಲೂ ಆಗುವುದಿಲ್ಲ.

ಹಡಗು ಯಾವುದು ಅಂದರೆ, ನನ್ನ ಓಟು ವಾಹನಗಳನ್ನೂ ಹೊರುವ ದೊಡ್ಡ, ನಿಧಾನದ ಹಡಗಿಗೆ. ನಾಕ್ಸೋಸ್‌ನಿಂದ ಪಾರೋಸ್‌ಗೆ ಅದರಲ್ಲಿ ಹೋದರೂ ಹೆಚ್ಚುಕಡಿಮೆ ಒಂದು ಗಂಟೆ, ಅಷ್ಟೇ. ಹೊರಗೆ ಕೂರಬಹುದು. ದರವೂ ಸಾಮಾನ್ಯವಾಗಿ ಕಡಿಮೆ. ವೇಗದ ಹಡಗಿನಲ್ಲಿ ಉಳಿತಾಯವಾಗುವುದು ಕೆಲವೇ ನಿಮಿಷ, ಅದಕ್ಕೆ ಜಾಸ್ತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಬಂದರಿನಲ್ಲಿ ಅರ್ಧ ಗಂಟೆ ಮೊದಲೇ ಇರಿ. ಬೇಸಿಗೆಯಲ್ಲಿ ಎರಡು ಹಡಗು ಬೆನ್ನುಬೆನ್ನಿಗೆ ಬರುತ್ತವೆ. ನಾವೂ ಸಾಂತೊರೀನಿ ಅನ್ನುವ ಬೇರೆ ದ್ವೀಪದ ಕಡೆಯ ಸಾಲಿನಲ್ಲಿ ನಿಂತುಬಿಟ್ಟಿದ್ದೆವು. ಹತ್ತುವ ಮುಂಚೆ ಸಿಬ್ಬಂದಿಯನ್ನು “ಪಾರೋಸ್?” ಅಂತ ಒಮ್ಮೆ ಕೇಳಿ. ಅವರು “ನೆ” ಅಂದರೆ ಹೌದು, “ಓಹಿ” ಅಂದರೆ ಅಲ್ಲ. ಅಮ್ಮ “ನೆ” ಕೇಳಿ, ಇದಲ್ಲವಂತೆ ಅಂತ ಹಿಂದೆ ಸರಿದಿದ್ದರು.

ಹಡಗು ಹಿಮ್ಮುಖವಾಗಿ ಬಂದು ಹಿಂದಿನ ಬಾಗಿಲನ್ನು ದಡಕ್ಕೆ ಇಳಿಸುತ್ತದೆ. “ನಮ್ಮ ಹೊಳೆಬಾಗಿಲಿನ ಲಾಂಚಿನ ಹಾಗೇ ಇದೆಯಲ್ಲೇ” ಅಂದರು ಅಮ್ಮ. ಶರಾವತಿ ಹಿನ್ನೀರಿನಲ್ಲಿ ಜನ, ವಾಹನ ದಾಟಿಸುತ್ತಿದ್ದ ಲಾಂಚು ಅದು. ಹಾಗೇ, ಆದರೆ ಇಲ್ಲಿ ಅವಸರ ಬಹಳ. ಇಳಿಯುವವರು ಇಳಿದ ಕೂಡಲೇ ಜನ, ಬೈಕು, ಲಾರಿ ಎಲ್ಲ ಒಟ್ಟಿಗೇ ನುಗ್ಗುತ್ತವೆ. ವಯಸ್ಸಾದವರ ಕೈ ಹಿಡಿದುಕೊಂಡು ಅಂಚಿನಲ್ಲೇ ನಡೆಯಿರಿ.

ಒಳಗೆ ಹೋದ ತಕ್ಷಣ, ವಾಹನ ನಿಲ್ಲಿಸುವ ಜಾಗದಲ್ಲೇ ಪೆಟ್ಟಿಗೆ ಇಡುವ ಕಟ್ಟೆಗಳಿರುತ್ತವೆ. ಒಂದೊಂದು ದ್ವೀಪಕ್ಕೆ ಒಂದೊಂದು. ಊರಿನ ಹೆಸರು ಗ್ರೀಕ್ ಲಿಪಿಯಲ್ಲಿದ್ದರೆ ಹೆದರಬೇಡಿ. ಮನೆಬಾಗಿಲ ಚೌಕಟ್ಟಿನಂಥ ಅಕ್ಷರದಿಂದ ಶುರುವಾದರೆ ಪಾರೋಸ್. ನಡುವೆ ವಿಭೂತಿಯಂತೆ ಮೂರು ಅಡ್ಡಗೆರೆ ಇದ್ದರೆ ನಾಕ್ಸೋಸ್. ಅಮ್ಮ ಒಮ್ಮೆ ಕಲಿತವರು ಮತ್ತೆ ತಪ್ಪಲಿಲ್ಲ. ಪಾಸ್‌ಪೋರ್ಟ್, ಮಾತ್ರೆ, ಹಣ ಮಾತ್ರ ಮೇಲೆ ಒಯ್ಯಿರಿ. ದೊಡ್ಡ ಹಡಗುಗಳಲ್ಲಿ ಲಿಫ್ಟ್ ಇರುತ್ತದೆ. ಮಂಡಿನೋವಿನವರು ಕೇಳಿ ಬಳಸಿ, ಸಂಕೋಚ ಬೇಡ.

ಕೂರುವ ಜಾಗದ ಬಗ್ಗೆ ಒಂದು ಮಾತು. ನಾಕ್ಸೋಸ್‌ನಿಂದ ಪಾರೋಸ್ ಪಶ್ಚಿಮಕ್ಕಿದೆ, ಗಾಳಿ ಉತ್ತರದ್ದು. ಹಾಗಾಗಿ ಹೊರಗೆ ಕೂರುವುದಾದರೆ ಹಡಗಿನ ಎಡಬದಿ ಹಿಡಿಯಿರಿ, ಬಲಬದಿಯಲ್ಲಿ ಸೆರಗು ನಿಲ್ಲುವುದಿಲ್ಲ. ವಾಪಸ್ ಬರುವಾಗ ಇದು ಉಲ್ಟಾ. ಹೊಟ್ಟೆ ತೊಳಸುವವರು ಕೆಳಗಿನ ಮಹಡಿಯಲ್ಲಿ, ನಡುಭಾಗದಲ್ಲಿ ಕೂರುವುದು ಒಳ್ಳೆಯದು. ವಾಂತಿ ಮಾತ್ರೆ ನುಂಗುವುದಾದರೆ ಹಡಗು ಹೊರಡುವ ಮೊದಲೇ ನುಂಗಿ.

ಊರು ಹತ್ತಿರ ಬಂತು ಅಂತ ಮೈಕಿನಲ್ಲಿ ಕೂಗುತ್ತಲೇ ಏಳಿ. ಪಾರೋಸ್‌ನಲ್ಲಿ ಹಡಗು ನಿಲ್ಲುವುದು ಸ್ವಲ್ಪವೇ ಹೊತ್ತು. ಕೆಳಗೆ ಎಂಜಿನ್ ಸದ್ದು, ಡೀಸೆಲ್ ವಾಸನೆ, ಎಲ್ಲರೂ ಪೆಟ್ಟಿಗೆ ಹಿಡಿದು ನಿಂತಿರುತ್ತಾರೆ. ಆಮೇಲೆ ಬಾಗಿಲು ನಿಧಾನವಾಗಿ ಕೆಳಗಿಳಿಯುತ್ತದೆ, ಬೆಳಕು ಒಳಗೆ ನುಗ್ಗುತ್ತದೆ, ಪಾರೋಸ್‌ನ ಬಂದರು ಪಟ್ಟಣ ಪರಿಕಿಯಾದ ಬಿಳಿ ಮನೆಗಳು ಎದುರಿಗೇ ಕಾಣುತ್ತವೆ.

ಅಲ್ಲಿಂದ ಪಕ್ಕದ ಪುಟ್ಟ ದ್ವೀಪ ಆಂಟಿಪಾರೋಸ್‌ಗೆ ಇಷ್ಟು ತಯಾರಿ ಬೇಕಿಲ್ಲ. ಪರಿಕಿಯಾದಿಂದ ಬಸ್ಸಿನಲ್ಲಿ ಪೂಂಡಾ ಅನ್ನುವ ಚಿಕ್ಕ ಬಂದರಿಗೆ ಹೋಗಿ, ಅಲ್ಲೇ ಟಿಕೆಟ್ ತೆಗೆದುಕೊಂಡು, ನಿಂತಿರುವ ದೋಣಿ ಹತ್ತಿ. 10 ನಿಮಿಷದ ದಾರಿ. ನಾವು ಬೆಳಗ್ಗೆ ಹೋಗಿ, ಸಂಜೆ ವಾಪಸ್ ಬಂದೆವು.