ಏಳು ಗಂಟೆಗೆ ಮುಂಚಿನ ಹಪ್ಪಳ

ಸಾಗರ ತಾಲ್ಲೂಕಿನ ನನ್ನ ಅಜ್ಜನ ಮನೆಯಲ್ಲಿ ಬೇಸಿಗೆ ರಜೆ ಎಂದರೆ ಹಲಸಿನ ಹಪ್ಪಳದ ಕಾಲ. ಏಪ್ರಿಲ್ 10ರಂದು ಪರೀಕ್ಷೆಯ ಫಲಿತಾಂಶ ಬಂದ ಮರುದಿನವೇ ಅಮ್ಮ ನಮ್ಮನ್ನು ಬಸ್ಸು ಹತ್ತಿಸುತ್ತಿದ್ದರು. ಹಲಸಿನಕಾಯಿ ಬಲಿತಿದ್ದೂ ಹಣ್ಣಾಗಿರದ, ಬಿಸಿಲು ಜೋರಾಗಿದ್ದೂ ಮುಂಗಾರು ಇಳಿದಿರದ ಮೂರ್ನಾಲ್ಕು ವಾರಗಳಷ್ಟೇ ಮಲೆನಾಡಿನಲ್ಲಿ ಹಪ್ಪಳಕ್ಕೆ ಒದಗುವುದರಿಂದ, ಆ ಕೆಲಸವೆಲ್ಲ ನಮ್ಮ ರಜೆಯೊಳಗೇ ನಡೆಯುತ್ತಿತ್ತು. ಈಗ ಅಜ್ಜನೂ ಇಲ್ಲ, ಅಜ್ಜಿಯೂ ಇಲ್ಲ. ಎರಡು ವರ್ಷಗಳ ಹಿಂದೆ, ನನ್ನ 47ನೆಯ ವಯಸ್ಸಿನಲ್ಲಿ, ಅದೇ ಮನೆಗೆ ಹೋಗಿ ಹಪ್ಪಳವನ್ನು ನಾನೇ ಮಾಡುತ್ತೇನೆಂದು ಹೊರಟಾಗ, ಎಲ್ಲವೂ ನೆನಪಿದೆ ಎಂಬ ಧೈರ್ಯ ನನಗಿತ್ತು.

ನೆನಪಿದ್ದದ್ದು ಇಷ್ಟು. ಬೆಳಿಗ್ಗೆ ಏಳು ಗಂಟೆಗೆ ಎದ್ದು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಪಾತ್ರೆಯ ತುಂಬ ಹಪ್ಪಳದ ಹಿಟ್ಟು ಇರುತ್ತಿತ್ತು. ಅಜ್ಜಿ ಅದರಿಂದ ಒಂದು ಉಂಡೆ ಮುರಿದು, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಗುಳಿಗೆ ತೆಂಗಿನ ಎಣ್ಣೆ ಹನಿಸಿ ನಮ್ಮ ಕೈಗಿಡುತ್ತಿದ್ದರು. ಉಪ್ಪು, ಜೀರಿಗೆ, ಮೆಣಸಿನ ಖಾರ ಹದವಾಗಿ ಬೆರೆತ ಆ ಬೆಚ್ಚನೆಯ ಉಂಡೆಯನ್ನು ಎಣ್ಣೆ ಮೊಣಕೈವರೆಗೆ ಇಳಿಯದಂತೆ ತಿನ್ನುವುದೇ ಒಂದು ವಿದ್ಯೆಯಾಗಿತ್ತು. ತಿಂದು ಮುಗಿಸಿದವರಿಗೆ ಕೆಲಸ ಹಂಚಿಕೆಯಾಗುತ್ತಿತ್ತು: ಚಿಕ್ಕವರು ಉಂಡೆ ಕಟ್ಟಬೇಕು, ಸ್ವಲ್ಪ ದೊಡ್ಡವರು ಎಣ್ಣೆ ಸವರಿದ ಎರಡು ಬಾಳೆ ಎಲೆಯ ತುಂಡುಗಳ ನಡುವೆ ಅದನ್ನಿಟ್ಟು ಮಣೆಯಿಂದ ಒತ್ತಬೇಕು, ಅಂಚು ದಪ್ಪವಾಗಿ ಉಳಿದದ್ದನ್ನು ಅಜ್ಜಿ ಬೆರಳ ತುದಿಯಿಂದ ತಟ್ಟಿ ಸಮ ಮಾಡಬೇಕು. ಅಂಗಳದ ಚಪ್ಪರದ ಮೇಲೆ ಚಾಪೆ ಹಾಸಿ ಹಪ್ಪಳ ಹರವುವವಳು ದೊಡ್ಡಕ್ಕ. ಕಾಗೆ ಕಾಯುವವನು ನಾನು.

ಕಾಗೆ ಕಾಯುವ ಕೆಲಸವನ್ನು ನಾನು ಈಗಲೂ ಹಗುರವಾಗಿ ಕಾಣಲಾರೆ. ಏಣಿಯ ಮೇಲಿನ ಮೆಟ್ಟಿಲಲ್ಲಿ ಕುಳಿತು, ಕೈಯಲ್ಲಿ ಅಡಿಕೆ ದಬ್ಬೆಯ ಉದ್ದನೆಯ ಕೋಲು ಹಿಡಿದು, ಮಧ್ಯಾಹ್ನದ ಊಟದವರೆಗೆ ಅಲ್ಲಾಡದೆ ಇರಬೇಕಿತ್ತು. ಅಂಚು ಗರಿಯಾಗಿ ನಡುವೆ ಇನ್ನೂ ಮೆತ್ತಗಿರುವ ಹಪ್ಪಳ ಕಾಗೆಗೆ ಎಷ್ಟು ಪ್ರಿಯವೋ ಕಾಯುವವನಿಗೂ ಅಷ್ಟೇ ಪ್ರಿಯ. ಅಜ್ಜ ಸಾಲಿಗೆ ಇಪ್ಪತ್ತರಂತೆಯೇ ಹರವಬೇಕೆಂದು ಏಕೆ ಹಟ ಹಿಡಿಯುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು, ಒಂದು ಸಂಜೆ ಅವರು ಸಾಲುಗಳನ್ನು ಎಣಿಸಿ ನನ್ನ ಕಡೆ ತಿರುಗದೆಯೇ “ಇವತ್ತಿನ ಕಾಗೆ ಚಡ್ಡಿ ಹಾಕ್ಯಂಡಿತ್ತು ಕಾಣ್ತು” ಎಂದಾಗ. ಮರುದಿನವೂ ಏಣಿ ನನ್ನದೇ ಆಗಿತ್ತು. ಸಾಲಿಗೆ ಇಪ್ಪತ್ತೆರಡು ಹರವಲು ಅಜ್ಜಿ ಅಕ್ಕನಿಗೆ ಹೇಳಿದ್ದರು.

ಈ ನೆನಪಿನ ಬಲದಿಂದ ನಾನು ಆರಿಸಿದ ಮೊದಲ ಕಾಯಿಯೇ ಕೈಕೊಟ್ಟಿತು. ಬೆರಳಿನಿಂದ ತಟ್ಟಿ ನೋಡಿ, ‘ಡಬ್’ ಎಂಬ ಪೊಳ್ಳು ದನಿ ಬಂದದ್ದನ್ನು ಬಲಿತ ಲಕ್ಷಣವೆಂದು ತಿಳಿದೆ. ಅದು ಹಣ್ಣಾಗತೊಡಗಿದ ಲಕ್ಷಣವಾಗಿತ್ತು. ಕೊಯ್ದರೆ ಸೊಳೆ ಆಗಲೇ ಹಳದಿಗೆ ತಿರುಗಿ ಸಿಹಿಯಾಗಿತ್ತು. ಛಲಕ್ಕೆ ಬಿದ್ದು ಅದನ್ನೇ ಬೇಯಿಸಿ ಒತ್ತಿದರೆ ಹಪ್ಪಳ ಎಲೆಯನ್ನು ಬಿಟ್ಟು ಬರಲೇ ಇಲ್ಲ. ಹೇಗೋ ಒಣಗಿದ ಹತ್ತಿಪ್ಪತ್ತನ್ನು ಕರಿದಾಗ, ಸಕ್ಕರೆಯಂಶ ಹೆಚ್ಚಿದ್ದರಿಂದ, ಅರಳುವ ಮೊದಲೇ ಕಪ್ಪಾದವು. ಸೊಳೆ ಬಿಳಿಯಾಗಿ ಮುರಿದರೆ ಟಕ್ಕೆನ್ನಬೇಕು, ಒಳಗಿನ ಬೇಳೆ, ಅಂದರೆ ಬೀಜ, ಮಾತ್ರ ಪೂರ್ತಿ ಬಲಿತಿರಬೇಕು ಎಂದು ಅತ್ತೆ ತೋರಿಸಿಕೊಟ್ಟರು. ಬೇಳೆ ಎಳೆಯದಾಗಿದ್ದರೆ ಹಿಟ್ಟಿಗೆ ಅಂಟು ಸಾಲದೆ ಹಪ್ಪಳ ಬಿರಿಯುತ್ತದೆಯಂತೆ.

ಯಾವ ಮರದ ಕಾಯಿ ಎಂಬುದೂ ನಾನು ಎಣಿಸಿದ್ದಕ್ಕಿಂತ ದೊಡ್ಡ ವಿಷಯ. ಅಜ್ಜನದು ಶರಾವತಿ ಮುಳುಗಡೆಯಲ್ಲಿ ಎದ್ದು ಬಂದ ಕುಟುಂಬ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಅವರ ಹಳೆಯ ಮನೆ, ತೋಟ ಎಲ್ಲವೂ ಹೋದವು. ಬರುವಾಗ ಹಳೆಯ ಮನೆಯ, ಗಟ್ಟಿ ಸೊಳೆಯ ಬಕ್ಕೆ ಹಲಸಿನ ಬೀಜಗಳನ್ನು ತಂದು ಹೊಸ ಜಾಗದಲ್ಲಿ ಹುಗಿದಿದ್ದರು. ಬೀಜದಿಂದ ಎದ್ದ ಹಲಸು ತಾಯಿಮರವನ್ನು ಹೋಲುತ್ತದೆ ಎಂಬ ಭರವಸೆಯಿಲ್ಲವಾದ್ದರಿಂದ, ಬೆಳೆದ ನಾಲ್ಕು ಮರಗಳು ನಾಲ್ಕು ಬಗೆಯಾದವು: ಒಂದರ ಸೊಳೆ ಮೆತ್ತನೆಯ ಅಂಬಲಿ, ಒಂದು ಹುಳಿ, ಒಂದು ದನಗಳಿಗೆ, ಗದ್ದೆಯಂಚಿನ ಒಂದು ಮಾತ್ರ ಹಪ್ಪಳಕ್ಕೆ. ಆ ಹಳೆಯ ಮರದ ರುಚಿ ಇದಕ್ಕಿಲ್ಲ ಎಂದು ಅಜ್ಜ ಪ್ರತಿವರ್ಷ ಹೇಳುತ್ತಿದ್ದರು. ನಾವು ಅದನ್ನು ಮುದುಕರ ಗೊಣಗಾಟವೆಂದು ತಿಳಿದು ಇನ್ನೊಂದು ಉಂಡೆಗೆ ಕೈ ಚಾಚುತ್ತಿದ್ದೆವು. ನಾನು ಮೊದಲ ದಿನ ಕೀಳಿಸಿದ್ದು ಮನೆಗೆ ಹತ್ತಿರವಿದೆ ಎಂಬ ಕಾರಣಕ್ಕೆ ಅಂಬಲಿ ಮರದ ಕಾಯಿಯನ್ನು.

ಎರಡನೆಯ ಸಲ ಗದ್ದೆಯಂಚಿನ ಮರದಿಂದ ಕಾಯಿ ಬಂತು. ಎಷ್ಟು ಗಂಟೆಗೆ ಶುರು ಮಾಡೋಣ ಎಂದು ಕೇಳಿದಾಗ ಅತ್ತೆ, “ನಿನ್ನ ಅಜ್ಜಿ ನಾಲ್ಕಕ್ಕೆ ಒಲೆ ಹೊತ್ತಿಸ್ತಿದ್ರು ಮಾಣಿ” ಎಂದರು. ನನಗೆ ಅದು ಗೊತ್ತೇ ಇರಲಿಲ್ಲ. ನನ್ನ ನೆನಪು ಶುರುವಾಗುವುದೇ ಏಳು ಗಂಟೆಗೆ. ಹಿಂದಿನ ಸಂಜೆಯೇ ಕಾಯಿಯನ್ನು, ನೆಲಕ್ಕೆ ಬಿದ್ದು ಜಜ್ಜದಂತೆ, ಹಗ್ಗ ಕಟ್ಟಿ ಇಳಿಸಿ, ನಾವು ಮಲಗಿದ ಮೇಲೆ ಕೈಗೂ ಕತ್ತಿಗೂ ತೆಂಗಿನ ಎಣ್ಣೆ ಹಚ್ಚಿಕೊಂಡು ಮೇಣ ತೆಗೆದು, ಸುತ್ತಲಿನ ನಾರಿನಂಥ ಸಾರೆಯಿಂದ ಸೊಳೆ ಬಿಡಿಸಿ ಇಡುತ್ತಿದ್ದರಂತೆ. ಬೆಳಗಿನ ಜಾವ ನೀರು ತಾಗದಂತೆ ಉಗಿಯಲ್ಲಿ ಬೇಯಿಸಿದ ಸೊಳೆಯನ್ನು ಬಿಸಿಯಾಗಿರುವಾಗಲೇ ಒರಳಿಗೆ ಹಾಕಿ ಒನಕೆಯಿಂದ ಕುಟ್ಟುತ್ತಿದ್ದವರು ಅಜ್ಜ. ನನ್ನ ನೆನಪಿನಲ್ಲಿ ಹಪ್ಪಳದ ದಿನ ಜಗಲಿಯಲ್ಲಿ ಗೋಡೆಗೆ ಒರಗಿ ಅರೆಗಣ್ಣಾಗಿ ಕುಳಿತ ಅಜ್ಜ, ಮೂರು ತಾಸು ಒನಕೆ ಹಿಡಿದು ಬಂದವರಾಗಿದ್ದರು.

ನಾನು ಕುಟ್ಟಿದ್ದು ಒಂದು ತಾಸಿಗಿಂತ ಕಡಿಮೆ, ಅದೂ ಎರಡು ಸಲ ಕೂತು. ಅಂಗೈಯಲ್ಲಿ ಗುಳ್ಳೆ ಎದ್ದಿತು. ಮಿಕ್ಸಿಯಲ್ಲಿ ರುಬ್ಬಿದರಾಗದೇ ಎಂದು ಕೇಳಬೇಕೆನ್ನಿಸಿತ್ತು. ಆದರೆ ತಿರುಗಿಸಲು ನೀರು ಹಾಕಲೇಬೇಕಾಗುತ್ತದೆ, ನೀರು ಬಿದ್ದರೆ ಹಿಟ್ಟು ಸಡಿಲವಾಗುತ್ತದೆ. ಆರಿದ ಸೊಳೆ ಕುಟ್ಟಿದಷ್ಟೂ ಗಂಟಾಗುವುದರಿಂದ, ಸ್ವಲ್ಪ ಸ್ವಲ್ಪವೇ ಬೇಯಿಸಿ ಬಿಸಿಯಲ್ಲೇ ಮುಗಿಸುವುದು ಲೇಸೆಂದು ಕೈಯಾರೆ ಕಲಿತೆ. ಬಾಳೆ ಎಲೆಯ ಬದಲು ತೊಳೆದು ಕತ್ತರಿಸಿದ ಹಾಲಿನ ಪ್ಯಾಕೆಟ್ ಬಳಸಿದೆವು. ಅದರಲ್ಲಿ ಹಪ್ಪಳ ಚೆನ್ನಾಗಿ ಬಿಡುತ್ತದೆ. ಒಂದು ಕಾಯಿಗೆ 130ರಷ್ಟು ಹಪ್ಪಳ ಸಿಕ್ಕವು. ಮೊದಲ ದಿನದ ಬಿಸಿಲಿನ ನಂತರ ಅವನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಕಲ್ಲು ಹೇರಿದೆವು, ಇಲ್ಲದಿದ್ದರೆ ಮುದುಡುತ್ತವೆ. ಇನ್ನೆರಡು ದಿನ ಒಣಗಿದ ಮೇಲೆ ಡಬ್ಬಿ ತುಂಬಿದೆವು.

ಕುಟ್ಟಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಮಗಳು ಎದ್ದು ಬಂದಳು. ಗುಳಿ ಒತ್ತಿ ಎಣ್ಣೆ ಹನಿಸಿದ ಉಂಡೆಯನ್ನು ಅತ್ತೆ ಅವಳ ಕೈಗಿಟ್ಟರು. ಖಾರ ಹೆಚ್ಚಾಯಿತು ಎಂದಳು, ಆದರೂ ಮೂರು ತಿಂದಳು.

ಈ ವರ್ಷವೂ ಹೋಗಿಬಂದೆ. ನಾಲ್ಕಕ್ಕೆ ಏಳುವುದು ಅಭ್ಯಾಸವಾಗಿದೆ, ಬೇಳೆ ನೋಡಿ ಕಾಯಿಯ ಹದ ಹೇಳಬಲ್ಲೆ. ಮರ ಹತ್ತಿ ಹಗ್ಗ ಕಟ್ಟುವುದೊಂದು ಮಾತ್ರ ನನ್ನಿಂದಾಗದು. ಅದಕ್ಕೆ ಅಡಿಕೆ ಕೊನೆ ಕೊಯ್ಯುವವರಿಗೆ ಮೊದಲೇ ಹೇಳಿಡಬೇಕು. ಅವರು ಬರುವ ದಿನ ನೋಡಿಕೊಂಡು ನಾನು ರಜೆ ಹಾಕುತ್ತೇನೆ.