ಕನ್ವಿಕ್ಟ್ ಲೇಕ್ ಸುತ್ತು ಹಾಕಲು ಹೊರಟರೆ

ಕ್ಯಾಲಿಫೋರ್ನಿಯಾದ ಮ್ಯಾಮತ್ ಲೇಕ್ಸ್ ಊರಿನ ದಕ್ಷಿಣಕ್ಕೆ, 395ನೇ ಹೆದ್ದಾರಿ ಬಿಟ್ಟು ಎರಡು ಮೈಲಿ ಒಳಗೆ ಹೋದರೆ ಕನ್ವಿಕ್ಟ್ ಲೇಕ್. 1871ರಲ್ಲಿ ಪಕ್ಕದ ನೆವಾಡಾ ರಾಜ್ಯದ ಕಾರ್ಸನ್ ಸಿಟಿ ಜೈಲಿನಿಂದ ತಪ್ಪಿಸಿಕೊಂಡ ಕೈದಿಗಳು ಈ ಕಡೆಗೆ ಓಡಿಬಂದಿದ್ದರು. ಹೆಸರು ಬಂದದ್ದು ಹಾಗೆ. ಸುತ್ತುದಾರಿ ಸುಮಾರು ಎರಡೂವರೆ ಮೈಲಿ, ಅಂದರೆ 4 ಕಿ.ಮೀ. ಏರಿಳಿತ ಕಡಿಮೆ. ದೊಡ್ಡವರಿಗೆ ಒಂದೂವರೆ ಗಂಟೆ ಸಾಕು. ನೀರು ಕಂಡಲ್ಲೆಲ್ಲ ಕಲ್ಲು ಎಸೆಯುವ ಮಕ್ಕಳಿದ್ದರೆ ಇನ್ನೊಂದು ಗಂಟೆ ಸೇರಿಸಿ.

ಕ್ಯಾಂಪ್‌ಗ್ರೌಂಡ್ ಇರುವುದು ಸರೋವರದಿಂದ ಹೊರಬೀಳುವ ತೊರೆಯ ಬಳಿ. ಅಲ್ಲಿಂದ ನಡೆದೇ ಬನ್ನಿ, ಬೇಸಿಗೆಯ ವಾರಾಂತ್ಯಗಳಲ್ಲಿ ದಡದ ಪಾರ್ಕಿಂಗ್ ಬೇಗ ತುಂಬುತ್ತದೆ. ಹೊರಡುವ ಮುಂಚೆ ತಿನ್ನುವ ಸಾಮಾನೆಲ್ಲ ಬೇರ್ ಬಾಕ್ಸಿಗೆ, ಅಂದರೆ ಕರಡಿ ತೆರೆಯಲಾಗದ ಗಟ್ಟಿ ಪೆಟ್ಟಿಗೆಗೆ, ಹೋಗಬೇಕು. ಚಟ್ನಿಪುಡಿ, ಉಪ್ಪಿನಕಾಯಿ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು ಕೂಡ. ಕರಡಿಗೆ ವಾಸನೆ ಬಂದರೆ ಅದೂ ಊಟವೇ. ಬಾಗಿಲು ಮುಚ್ಚಿದ ಮೇಲೆ ಒಮ್ಮೆ ಎಳೆದು ನೋಡಿ. ಚಿಲಕ ಸರಿಯಾಗಿ ಕೂರದಿದ್ದರೆ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಬೆಳಗ್ಗೆ ಎಂಟರೊಳಗೆ ಉತ್ತರ ದಡದಿಂದ ಶುರು ಮಾಡಿ. ಸರೋವರ ಎಡಗೈಗೆ ಇರುತ್ತದೆ, ಪ್ರದಕ್ಷಿಣೆಗೆ ಉಲ್ಟಾ. ಆದರೆ ಕಾರಣವಿದೆ: ಉತ್ತರ ದಡದಲ್ಲಿ ಕುರುಚಲು ಗಿಡಗಳೇ ಹೆಚ್ಚು, ನೆರಳು ಕಡಿಮೆ, ಮಧ್ಯಾಹ್ನ ಸುಡುತ್ತದೆ. ದಕ್ಷಿಣ ದಡದಲ್ಲಿ ಮರಗಳಿವೆ, ಬಿಸಿಲೇರಿದಾಗ ಅಲ್ಲಿರುವುದು ಸುಖ. ಮಧ್ಯಾಹ್ನದ ಮೇಲೆ ಗಾಳಿಯೂ ಏಳುತ್ತದೆ; ಮಾರಿಸನ್ ಪರ್ವತದ ಬಿಂಬ ನೀರಿನಲ್ಲಿ ಕಾಣಬೇಕಿದ್ದರೆ ಬೆಳಗ್ಗೆಯೇ ಬರಬೇಕು.

ಪಶ್ಚಿಮ ತುದಿ ಹತ್ತಿರವಾದಾಗ ದಾರಿ ಕವಲೊಡೆಯುತ್ತದೆ. ಬಲಕ್ಕೆ ಏರುವುದು ಕಣಿವೆಯೊಳಗೆ, ಮಿಲ್ಡ್ರೆಡ್ ಲೇಕ್ ಕಡೆಗೆ. ಅದು ಕಡಿದಾದ ದಾರಿ, ಮುಂದೆ ಸೇತುವೆಯಿಲ್ಲದೆ ತೊರೆ ದಾಟಬೇಕು. ನೀರು ಎಡಕ್ಕೆ ದೂರವಾಗುತ್ತಾ ಹೋದರೆ ನೀವು ತಪ್ಪಿದಿರಿ ಎಂದರ್ಥ. ಹಿಂದಿರುಗಿ, ಎಡಗವಲು ಹಿಡಿಯಿರಿ.

ಮುಂದೆ ತೊರೆ ಸರೋವರ ಸೇರುವ ಜಾಗ. ಆಸ್ಪೆನ್ ಮರಗಳ ನಡುವೆ ಹಲಗೆಯ ಕಾಲುದಾರಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಎಲೆಗಳು ಅರಿಶಿನ ಬಣ್ಣಕ್ಕೆ ತಿರುಗುತ್ತವೆ, ಈ ಸುತ್ತಿನಲ್ಲಿ ಅತಿ ಚೆಂದದ ಜಾಗ ಇದೇ. ಎಡವಟ್ಟಾಗುವುದೂ ಇಲ್ಲೇ. ಹಿಮ ಜಾಸ್ತಿ ಬಿದ್ದ ವರ್ಷ ಜೂನ್, ಜುಲೈನಲ್ಲಿ ಕರಗಿದ ನೀರು ಹಲಗೆಗಳ ಮೇಲೆ ಹರಿಯುತ್ತದೆ. ಪಾದ ಮುಳುಗುವಷ್ಟಿದ್ದು ಹಲಗೆ ಕಾಣುತ್ತಿದ್ದರೆ ನಿಧಾನ ದಾಟಬಹುದು. ಹಲಗೆಯೇ ಕಾಣದಿದ್ದರೆ ಬಂದ ದಾರಿಯಲ್ಲೇ ವಾಪಸ್. ಹಾಗಾಗಿ ಹೊರಡುವ ದಿನವೇ ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವ ಹೋಸ್ಟ್‌ ಹತ್ತಿರ ಕೇಳಿಕೊಳ್ಳಿ.

ತಲಾ ಒಂದು ಲೀಟರ್ ನೀರು, ಟೋಪಿ, ಒಂದು ಜಾಕೆಟ್, ಸಾಧಾರಣ ಸ್ಪೋರ್ಟ್ಸ್ ಶೂ ಸಾಕು. ಚಪ್ಪಲಿ ಬೇಡ, ಜಲ್ಲಿಕಲ್ಲು ನುಗ್ಗುತ್ತದೆ. ಜಾಗ ಏಳೂವರೆ ಸಾವಿರ ಅಡಿಗಿಂತ ಎತ್ತರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ಟಯೋಗಾ ಪಾಸ್ ಎಂಬ ಎತ್ತರದ ಘಟ್ಟದ ದಾರಿ ದಾಟಿ ಅದೇ ದಿನ ಬಂದವರಿಗೆ ತಲೆನೋವು ಬರುವುದುಂಟು. ರಾತ್ರಿ ತಂಗಿ ಮರುದಿನ ನಡೆಯಿರಿ. ಆ ಪಾಸ್ ಚಳಿಗಾಲವಿಡೀ ಮುಚ್ಚಿರುತ್ತದೆ.

ಚಳಿಗಾಲದಲ್ಲಿ ಬಂದರೆ ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲಿಡಲೇಬೇಡಿ. 1990ರ ಫೆಬ್ರುವರಿಯಲ್ಲಿ ಇಲ್ಲಿ ಮಂಜುಗಡ್ಡೆ ಒಡೆದು, ಕಾಪಾಡಲು ಹೋದವರೂ ಸೇರಿ 7 ಮಂದಿ ತೀರಿಕೊಂಡರು.