ಬೆಳಗಾವಿ ಕ್ಯಾಂಪ್: ರಸ್ತೆಯ ಮೇಲೆ ನಿಂತೇ ತೋರಿಸಬೇಕಾದ ಊರು

ಟಿಕೆಟ್ ತೆಗೆಸಿ ಒಳಗೆ ಕರೆದೊಯ್ದು ತೋರಿಸುವಂಥದ್ದು ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ಬ್ರಿಟಿಷರು ಸೇನೆಗಾಗಿ ಮಾಡಿದ ಕಂಟೋನ್ಮೆಂಟಿನಲ್ಲಿ, ಹೆಚ್ಚಿಲ್ಲ. ಬಹಳಷ್ಟು ಜಾಗ ಸೇನೆಯದು, ಉಳಿದ ಬಂಗಲೆಗಳಲ್ಲಿ ಜನ ವಾಸವಿದ್ದಾರೆ. ಆದ್ದರಿಂದ ಇಲ್ಲಿಯ ಹಳೆಯ ಕಟ್ಟಡಗಳನ್ನು ತೋರಿಸುತ್ತ ನಡೆಸುವಾಗ ಗುಂಪನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾನು ಮೊದಲು ಗೊತ್ತುಮಾಡಿಕೊಳ್ಳುತ್ತೇನೆ, ಏನು ಹೇಳಬೇಕು ಎಂಬುದು ಆಮೇಲೆ.

ನಡಿಗೆಯನ್ನು ಕ್ಯಾಂಪಿನೊಳಗೆ ಶುರುಮಾಡುವುದಿಲ್ಲ. ಮಾರುತಿ ಗಲ್ಲಿಯಲ್ಲಿ ಕೂಡಿ, ಗೋಡೆಗೆ ಗೋಡೆ ತಾಗಿದ ಮನೆ-ಅಂಗಡಿಗಳ ನಡುವೆ ಸ್ವಲ್ಪ ನಡೆದು, ಬೋಗಾರ್‌ವೇಸ್ ದಾಟಿ ಕ್ಯಾಂಪಿಗೆ ಬರುತ್ತೇವೆ. ಅಗಲವಾದ ನೇರ ರಸ್ತೆ, ಮರದ ಸಾಲು, ಕಂಪೌಂಡಿನ ನಡುವೆ ಒಂಟಿ ಬಂಗಲೆ ಕಂಡಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: "ಇಷ್ಟ ಜಾಗ ಯಾಕ್ ಬಿಟ್ಟಾರ್ರೀ?" ಆ ಪ್ರಶ್ನೆ ಬಂದ ಮೇಲೆಯೇ ಇತಿಹಾಸ. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ಕೈಸೇರಿತು, 1832ರಲ್ಲಿ ಇಲ್ಲಿ ಕಂಟೋನ್ಮೆಂಟ್ ಆಯಿತು. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಎಂದು ನಂಬಿದ್ದ ಕಾಲವದು. ಹಾಗಾಗಿ ಮನೆಗಳನ್ನು ದೂರ ದೂರ ಇಟ್ಟು, ಸುತ್ತ ಗಾಳಿಯಾಡಲು ಬಿಟ್ಟರು. ಪಡಸಾಲೆ, ಎತ್ತರದ ಚಾವಣಿ, ಮೇಲಿನ ಗವಾಕ್ಷಿ, ಹಂಚಿನ ಇಳಿಜಾರು ಇವನ್ನೆಲ್ಲ ಗೇಟಿನ ಹೊರಗಿಂದಲೇ ತೋರಿಸಬಹುದು.

ಈ ಬಂಗಲೆಗಳು ಇನ್ನೂ ಉಳಿದದ್ದು ಯಾರದೋ ಪರಂಪರೆಯ ಪ್ರೀತಿಯಿಂದಷ್ಟೇ ಅಲ್ಲ. ಕಂಟೋನ್ಮೆಂಟುಗಳಲ್ಲಿ ಅನೇಕ ಬಂಗಲೆಗಳು 'ಓಲ್ಡ್ ಗ್ರಾಂಟ್' ಷರತ್ತಿನವು: ಕಟ್ಟಡ ವಾಸಿಸುವವರದು, ನೆಲ ಸರ್ಕಾರದ್ದು. ಅನುಮತಿಯಿಲ್ಲದೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಲಾಗುವುದಿಲ್ಲ. ಕೇಳುವವರಿಗೆ ಇಸವಿಗಳಿಗಿಂತ ಇದೇ ಹೆಚ್ಚು ನೆನಪುಳಿಯುತ್ತದೆ.

ಸೇಂಟ್ ಮೇರಿ ಚರ್ಚ್ 1869ರದು, ಗೋಥಿಕ್ ಶೈಲಿ. ಮೊದಲು ಗೋಡೆಗೆ ಒತ್ತುಕೊಟ್ಟ ಊರೆಗಂಬಗಳನ್ನು ತೋರಿಸುತ್ತೇನೆ, ಆಮೇಲೆ ಚೂಪು ಕಮಾನಿನ ಕಿಟಕಿಗಳನ್ನು. ಮೇಲಿನ ಭಾರದ ಒತ್ತಡವನ್ನು ಊರೆಗಂಬ ತಡೆದುಕೊಳ್ಳುವುದರಿಂದಲೇ ಗೋಡೆಯಲ್ಲಿ ಅಷ್ಟೆತ್ತರದ ಕಿಟಕಿ ಬಿಡಲು ಆಗುತ್ತದೆ. ಒಳಗೆ ಹೋಗಬೇಕಿದ್ದರೆ ಮುಂಚೆಯೇ ಕೇಳಿಕೊಂಡಿರಬೇಕು, ಭಾನುವಾರದ ಪ್ರಾರ್ಥನೆಯ ಹೊತ್ತನ್ನು ಬಿಡಬೇಕು.

ಕೋಟೆಯನ್ನೂ ಸೇರಿಸಿ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ನಾನು ಒಪ್ಪುವುದಿಲ್ಲ. 1204ರ ಕಮಲ ಬಸದಿ, 1519ರ ಸಫಾ ಮಸೀದಿ, 1892ರಲ್ಲಿ ವಿವೇಕಾನಂದರು ತಂಗಿದ್ದ ಮನೆ ಅಲ್ಲಿವೆ. ಅದಕ್ಕೆ ಬೇರೆಯೇ ಒಂದು ಬೆಳಗು ಬೇಕು. ಎರಡನ್ನೂ ತುರುಕಿದರೆ ಕೊನೆಯ ಗಂಟೆಯಲ್ಲಿ ಜನ ಕಟ್ಟಡ ಬಿಟ್ಟು ನೆರಳು ಹುಡುಕುತ್ತಾರೆ.

ಗುಂಪು ಹದಿನೈದು ಮೀರಿದರೆ ಹಿಂದಿನವರಿಗೆ ದನಿ ಮುಟ್ಟದು. ಮೈಕ್ ಹಚ್ಚಿದರೆ ಬಂಗಲೆಯವರಿಗೆ ಕಿರಿಕಿರಿ. ಎರಡೂವರೆ ಕಿಲೋಮೀಟರಿಗೆ ಎರಡು ತಾಸು, ಎಂಟು ನಿಲುಗಡೆ, ಒಂದೊಂದಕ್ಕೆ ಆರೇಳು ನಿಮಿಷ. ಬೆಳಿಗ್ಗೆ ಏಳಕ್ಕೆ ಹೊರಡುತ್ತೇವೆ. ಬಿಸಿಲು ಗುಂಪಿನ ಬೆನ್ನಿಗೆ ಬರುವಂತೆ ನಿಲ್ಲಿಸುತ್ತೇನೆ, ನನ್ನ ಕಣ್ಣಿಗೆ ಹೊಡೆದರೂ ಅಡ್ಡಿಯಿಲ್ಲ. ಖಾನಾಪುರ ರಸ್ತೆ ದಾಟುವಾಗ ಗುಂಪು ಎರಡಾಗುತ್ತದೆ, ಆದ್ದರಿಂದ ಬಾಲಕ್ಕೆ ಒಬ್ಬರು ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡಿಗೆ ಬಂದ್: ಇಲ್ಲಿಯ ಮಳೆಗೆ ಗಾಳಿಯ ಜೊತೆಯೂ ಇರುತ್ತದೆ, ಛತ್ರಿ ಸಾಲದು.

ಮರಾಠಾ ಲಘು ಪದಾತಿದಳದ ಕೇಂದ್ರವೂ ಇಲ್ಲೇ ಇದೆ. "ಇಲ್ಲಿ ಫೋಟೋ ಬ್ಯಾಡ್ರಿ" ಎಂಬ ಮಾತನ್ನು ಗೇಟಿನ ಮುಂದೆ ಹೇಳಿದರೆ ತಡವಾಯಿತು, ಅಷ್ಟರಲ್ಲಿ ಯಾರೋ ತೆಗೆದಿರುತ್ತಾರೆ. ಹಿಂದಿನ ತಿರುವಿನಲ್ಲೇ ಮೊಬೈಲ್ ಕಿಸೆಗೆ ಹಾಕಿಸಿ ಮುಂದೆ ನಡೆಯಬೇಕು.